ಹಳೇ ಆರ್15ಗೆ ಮನೆಯಲ್ಲೇ ಹೊಸ ಬಣ್ಣ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ಕೊಂಡವರಿಗೆ ಮೊದಲ ವಾರವೇ ಬಣ್ಣದ ಆತುರ. ಎರಡು ಸ್ಪ್ರೇ ಕ್ಯಾನ್ ತಂದು ಹಳೇ ಗೀರುಗಳ ಮೇಲೆಯೇ ಹೊಡೆದು, ಭಾನುವಾರ ಸಂಜೆಗೆ ಫೋಟೊ ತೆಗೆದೂ ಆಗಿರುತ್ತದೆ. ತಿಂಗಳೊಳಗೆ ಬಂಕಿನಲ್ಲಿ ನಾಲ್ಕು ಹನಿ ಪೆಟ್ರೋಲ್ ಚೆಲ್ಲಿ ಟ್ಯಾಂಕಿನ ಬಾಯಿಯ ಸುತ್ತ ಬಣ್ಣ ಸುಕ್ಕುಗಟ್ಟುತ್ತದೆ. ಫೇರಿಂಗ್ (ಬೈಕಿನ ಮೈ ಮುಚ್ಚುವ ಹೊದಿಕೆ) ಅಂಚಿನಲ್ಲಿ ಹಪ್ಪಳದ ಹಾಗೆ ಏಳುತ್ತದೆ. ಸುಕ್ಕಿಗೆ ಕಾರಣ, ಪೆಟ್ರೋಲ್ ತಡೆಯದ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಲೇಪ. ಹಪ್ಪಳಕ್ಕೆ ಕಾರಣ, ಸರಿಯಾಗಿ ಉಜ್ಜದ ಮೈ. ಈ ಕೆಲಸದ ಮುಕ್ಕಾಲು ಸಮಯ ಉಜ್ಜುವುದಕ್ಕೇ ಹೋಗುತ್ತದೆ. ಅದಕ್ಕೆ ತಯಾರಿಲ್ಲದವರು ಸ್ಟಿಕರ್ ಅಂಟಿಸಿಕೊಂಡು ಸುಮ್ಮನಿರುವುದು ಲೇಸು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಯಮಾಹಾ ಆರ್15ರ ಎರಡನೇ ಆವೃತ್ತಿ. 2011ರಲ್ಲಿ ಬಂದ 150 ಸಿಸಿ ವರ್ಗದ ಬೈಕು, ಕೂಲೆಂಟ್ ಇರುವ ಎಂಜಿನ್, 12 ಲೀಟರಿನ ಲೋಹದ ಟ್ಯಾಂಕು, ಸುತ್ತ ಪ್ಲಾಸ್ಟಿಕ್ ಫೇರಿಂಗ್. ಬೇರೆ ಸ್ಪೋರ್ಟ್ಸ್ ಬೈಕಿಗೂ ಕ್ರಮ ಇದೇ.

ಹಂತ 1: ಬಣ್ಣಕ್ಕೆ ಮೊದಲು ಬೈಕ್

ಮೆಕ್ಯಾನಿಕಲ್ ಕೆಲಸ ಪೂರ್ತಿ ಮುಗಿಯುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ. ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಬಣ್ಣ ಕಿತ್ತು ಬರುತ್ತದೆ. ಹಾಗಾಗಿ ಬ್ರೇಕ್ ಬ್ಲೀಡ್ ಮಾಡುವುದು (ಬ್ರೇಕ್ ಆಯಿಲಿನ ಗಾಳಿ ತೆಗೆಯುವುದು), ಕೂಲೆಂಟ್ ಬದಲಿಸುವುದು, ಫೋರ್ಕ್ ಆಯಿಲ್ ಸೀಲ್ ಹಾಕುವುದು ಎಲ್ಲ ಮುಂಚೆಯೇ ಆಗಬೇಕು. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ ನೋಡಿ. ನಡುವಿನಲ್ಲಿ ಹಳ್ಳಕ್ಕೆ ಬಿದ್ದಂತೆ ಕಚ್ಚಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಟಯರ್ ಪಕ್ಕದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1417 ಎಂದಿದ್ದರೆ 2017ರ ಹದಿನಾಲ್ಕನೇ ವಾರ, ಗುಂಡಿ ಎಷ್ಟೇ ಆಳ ಉಳಿದಿರಲಿ ಆ ಟಯರ್ ತೆಗೆಯಿರಿ. ಬಿದ್ದ ಬೈಕಾಗಿದ್ದರೆ ಹಿಂದಿನ ಟಯರಿನ ಎರಡೂ ಬದಿಗೆ ತಾಗಿಸಿ ನೇರ ದಾರ ಎಳೆದು ಮುಂದಿನ ಚಕ್ರ ದಾರಗಳ ಸರಿ ನಡುವೆ ಇದೆಯೇ ನೋಡಿ. ಫ್ರೇಮ್ ಬಾಗಿದ್ದರೆ ಬಣ್ಣಕ್ಕೆ ಒಂದು ರೂಪಾಯಿಯೂ ಹಾಕಬೇಡಿ.

ಹಂತ 2: ಬಿಚ್ಚುವುದು

ಪ್ರತಿ ಭಾಗ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ಫೇರಿಂಗ್ ಸ್ಕ್ರೂಗಳ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ರಟ್ಟಿನ ಮೇಲೆ ಫೇರಿಂಗಿನ ಚಿತ್ರ ಗೀಚಿ ಸ್ಕ್ರೂಗಳನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಟ್ಯಾಂಕ್ ತೆಗೆಯುವಾಗ ಎಚ್ಚರ: ಇದು ಇಂಜೆಕ್ಷನ್ ಬೈಕು, ಪಂಪ್ ಟ್ಯಾಂಕಿನೊಳಗೇ ಇದೆ, ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಬ್ಯಾಟರಿ ಕಳಚಿ, ಬಟ್ಟೆ ಸುತ್ತಿ ಪೈಪ್ ಎಳೆಯಿರಿ. ಪಂಪ್ ಹೊರತೆಗೆದು ಒಳಗೆ ಟಾರ್ಚ್ ಬಿಡಿ. ತುಕ್ಕಿದ್ದರೆ ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯ ನಿಂಬೆ ಉಪ್ಪು) ಬಿಸಿನೀರಿನಲ್ಲಿ ಕರಗಿಸಿ, ತುಂಬಿ, ಒಂದು ರಾತ್ರಿ ಬಿಡಿ. ತೊಳೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ಒಮ್ಮೆ ಜಾಲಿಸಿ, ಕೂಡಲೇ ಹೇರ್ ಡ್ರೈಯರ್‌ನಿಂದ ಒಣಗಿಸಿ. ಡ್ರೈಯರ್ ಹಿಡಿಯುವ ಹೊತ್ತಿಗೆ ಪೆಟ್ರೋಲ್ ವಾಸನೆ ಸಂಪೂರ್ಣ ಹೋಗಿರಬೇಕು. ಒಣಗಿಸುವುದು ಹತ್ತು ನಿಮಿಷ ತಡವಾದರೂ ಒಳಗೆ ಮತ್ತೆ ಕೆಂಪು ಕಟ್ಟುತ್ತದೆ. ಕೊನೆಗೆ ಸ್ವಲ್ಪ ಎಂಜಿನ್ ಆಯಿಲ್ ಸುತ್ತ ಹರಡಿ ಬಾಯಿ ಮುಚ್ಚಿಡಿ, ಜೋಡಿಸುವ ಮುಂಚೆ ಪೆಟ್ರೋಲಿನಿಂದ ಜಾಲಿಸಿದರಾಯಿತು. ಕಲ್ಲು, ನಟ್ಟು ಹಾಕಿ ಅಲ್ಲಾಡಿಸುವ ಹಳೇ ಪದ್ಧತಿ ಬೇಡ. ಒಂದೆರಡು ನಟ್ಟು ಒಳಗೇ ಉಳಿಯುತ್ತವೆ.

ಹಂತ 3: ತೊಳೆಯುವುದು, ಬಿರುಕು ಮುಚ್ಚುವುದು

ಉಜ್ಜುವ ಮುಂಚೆ ತೊಳೆಯಿರಿ, ಆಮೇಲಲ್ಲ. ಹಳೇ ಪಾಲಿಶ್, ಚೈನ್ ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಮೇಲೆಯೇ ಉಜ್ಜುವ ಪೇಪರ್ (ಸ್ಯಾಂಡ್ ಪೇಪರ್) ಹಿಡಿದರೆ ಗೀರುಗಳೊಳಗೆ ತುಂಬಿಕೊಂಡು, ಕೊನೆಗೆ ಬಣ್ಣ ಹೊಡೆದಾಗ ಸಣ್ಣ ಸಣ್ಣ ಕುಳಿಗಳಾಗಿ ತೆರೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಎರಡು ಸಲ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ: ಒಂದು ಒದ್ದೆ ಬಟ್ಟೆ, ಹಿಂದೆಯೇ ಒಂದು ಒಣ ಬಟ್ಟೆ. ಫೇರಿಂಗನ್ನು ಥಿನ್ನರ್‌ನಿಂದ ಒರೆಸಬೇಡಿ, ಪ್ಲಾಸ್ಟಿಕ್ ಮೆತ್ತಗಾಗಿ ಆಮೇಲೆ ಸೀಳು ಬಿಡುತ್ತದೆ.

ಫೇರಿಂಗಿನ ಒಳಮೈಯಲ್ಲಿ ಅಚ್ಚಾದ ಅಕ್ಷರ ಹುಡುಕಿ. ಎಬಿಎಸ್ (ಒಂದು ಬಗೆಯ ಪ್ಲಾಸ್ಟಿಕ್) ಎಂದಿದ್ದರೆ ರಿಪೇರಿ ಸುಲಭ. ಬಿರುಕಿನ ತುದಿಯಲ್ಲಿ 2 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಬಿರುಕು ಮುಂದೆ ಓಡುತ್ತದೆ. ಬಿರುಕಿನುದ್ದಕ್ಕೂ ಕತ್ತಿಯಿಂದ ಕಾಲುವೆ ಕೊರೆದು, ಅದೇ ಪ್ಲಾಸ್ಟಿಕ್‌ನ ಚೂರುಗಳನ್ನು ಅಸಿಟೋನ್‌ನಲ್ಲಿ ರಾತ್ರಿಯಿಡೀ ನೆನೆಸಿ ದೋಸೆ ಹಿಟ್ಟಿನ ಹದಕ್ಕೆ ಬಂದದ್ದನ್ನು ತುಂಬಿ. ಹಿಂಬದಿಗೆ ಸಣ್ಣ ಸ್ಟೀಲ್ ಜಾಲರಿಯನ್ನು ಸಾಲ್ಡರಿಂಗ್ ಐರನ್‌ನಿಂದ ಇಳಿಸಿ. ಒಂದು ದಿನ ಮುಟ್ಟಬೇಡಿ. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಂದಿದ್ದರೆ ಅಸಿಟೋನ್ ಕೆಲಸಕ್ಕೆ ಬರದು, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಹತ್ತಿರ ಕೊಡಿ. ಬರೀ ಪಿಪಿ ಕಾಣುವ ಕಡೆ ಪ್ರೈಮರ್‌ಗೆ (ಬಣ್ಣದ ಕೆಳಗಿನ ತಳಲೇಪ) ಮೊದಲು, ಲೇಪ ಕಚ್ಚಿ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಒಂದು ತೆಳು ಕೋಟ್ ಕಡ್ಡಾಯ. ಫೆವಿಕ್ವಿಕ್ ಮಾತ್ರ ಯಾವುದಕ್ಕೂ ಬೇಡ, ಎಂಜಿನ್ ಅದುರಿಗೆ ವಾರದಲ್ಲಿ ಬಿಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಡೂಪ್ಲಿಕೇಟ್ ಫೇರಿಂಗ್ ಕೊಂಡರೆ ಬಣ್ಣಕ್ಕೆ ಮುಂಚೆ ಬೈಕಿಗೆ ಕೂರಿಸಿ ನೋಡಿ. ತೂತುಗಳು ಅರ್ಧ ಇಂಚು ಆಚೀಚೆ ಇರುವುದು ಸಾಮಾನ್ಯ.

ಹಂತ 4: ಉಜ್ಜುವುದು, ಪುಟ್ಟಿ, ಪ್ರೈಮರ್

ಎಲ್ಲರೂ ಎಡವುವುದು ಇಲ್ಲಿ.

ಹಳೇ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ತೆಗೆಯುವುದು ಬೇಡ. 320 ನಂಬರಿನ ಪೇಪರಿನಿಂದ (ನಂಬರ್ ಹೆಚ್ಚಿದಷ್ಟೂ ನುಣುಪು) ಹೊಳಪು ಹೋಗುವವರೆಗೆ ಉಜ್ಜಿ. ಗೀರಿನ ಅಂಚನ್ನು ಬೆರಳಿಗೆ ಸಿಗದಷ್ಟು ಇಳಿಜಾರು ಮಾಡಿ. ಕಣ್ಣು ನಂಬಬೇಡಿ, ಕಣ್ಣು ಮುಚ್ಚಿ, ತೆಳು ಬಟ್ಟೆಯ ಮೇಲಿಂದ ಅಂಗೈ ಆಡಿಸಿದರೆ ಮೆಟ್ಟಿಲು ತಾನೇ ಸಿಗುತ್ತದೆ. ಟ್ಯಾಂಕಿನಲ್ಲಿ ಲೋಹ ಕಂಡರೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬರಿಗೈಯಲ್ಲಿ ಮುಟ್ಟಿ ಮಾರನೇ ದಿನಕ್ಕೆ ಬಿಟ್ಟರೆ ಬೆರಳಿನ ಗುರುತಿನಲ್ಲೇ ತುಕ್ಕು.

ತಗ್ಗಿಗೆ ಹಾರ್ಡನರ್ (ಬೆರೆಸಿದರೆ ಗಟ್ಟಿಮಾಡುವ ರಾಸಾಯನಿಕ) ಇರುವ ಪಾಲಿಯೆಸ್ಟರ್ ಪುಟ್ಟಿ. ಫೇರಿಂಗಿಗಾದರೆ ಪ್ಲಾಸ್ಟಿಕ್‌ಗೆಂದೇ ಬರುವ ಬಾಗುವ ಪುಟ್ಟಿ. ನಿಂಬೆಹಣ್ಣಿನ ಗಾತ್ರದ ಪುಟ್ಟಿಗೆ ಕಡಲೆಕಾಳಿನಷ್ಟು ಹಾರ್ಡನರ್ ಸಾಕು. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ ಅದರ ಕೆಂಪು ಮೇಲಿನ ಬಣ್ಣಕ್ಕೂ ಹತ್ತುತ್ತದೆ. ನಮ್ಮ ಸೆಕೆಗೆ ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ಸಲಕ್ಕೆ ಒಂದು ಜಾಗಕ್ಕಾಗುವಷ್ಟೇ ಕಲಸಿ. ಟ್ಯೂಬಿನಲ್ಲಿ ಬರುವ, ಹಾರ್ಡನರ್ ಇಲ್ಲದ ಎನ್‌ಸಿ ಪುಟ್ಟಿ ಕೂದಲೆಳೆಯ ಗೀರಿಗೆ ಮಾತ್ರ. ಅದನ್ನು ತಗ್ಗಿಗೆ ತುಂಬಿದರೆ ತಿಂಗಳುಗಟ್ಟಲೆ ಒಣಗುತ್ತಾ ಕುಗ್ಗುತ್ತದೆ. ಬಣ್ಣದ ಮೇಲೆ ಹಳೇ ಗುಳಿ ಮತ್ತೆ ಕಾಣಿಸುವುದು ಹಾಗೆಯೇ. ಪುಟ್ಟಿಯನ್ನು ಒಣಗಿದಂತೆಯೇ 180, ಆಮೇಲೆ 320ರಲ್ಲಿ ಉಜ್ಜಿ. ನೀರು ಹಾಕಬಾರದು; ಪುಟ್ಟಿ ಸ್ಪಂಜಿನಂತೆ ನೀರು ಕುಡಿದು ಬೇಸಿಗೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಪ್ರೈಮರ್ 2ಕೆ (ಹಾರ್ಡನರ್ ಬೆರೆಸುವ) ಸರ್ಫೇಸರ್ ಆಗಿರಲಿ, ಮೂರು ಕೋಟ್. ಹಂತ 6ರಲ್ಲಿ ಹೇಳಿದ ರೆಸ್ಪಿರೇಟರ್ ಇದಕ್ಕೂ ಬೇಕು. ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಂತೆ, ಅರಿಶಿನ ಕುಂಕುಮ ಉದುರಿಸಿದ ಹಾಗೆ, ಚದುರಿಸಿ. ಇದಕ್ಕೆ ಗೈಡ್ ಕೋಟ್ ಎನ್ನುತ್ತಾರೆ. ಈಗ 800ರ ವಾಟರ್ ಪೇಪರನ್ನು ಅರ್ಧ ಗಂಟೆ ನೆನೆಸಿ, ರಬ್ಬರ್ ಬ್ಲಾಕಿಗೆ ಸುತ್ತಿ, ಎರಡು ಹನಿ ಸೋಪು ಬೆರೆಸಿದ ನೀರಿನಲ್ಲಿ ಉಜ್ಜಿ. ಉಬ್ಬಿದ ಕಡೆ ಕಪ್ಪು ಮೊದಲ ನಾಲ್ಕು ಕೈಗೇ ಹೋಗುತ್ತದೆ. ತಗ್ಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತದೆ. ಕಿತ್ತಳೆ ಸಿಪ್ಪೆಯಂಥ ಮೈ ಇದ್ದರೆ ಸಾವಿರ ಕಪ್ಪು ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ಕೊನೆಯ ಸಾಸಿವೆ ಹೋಗುವವರೆಗೆ ಉಜ್ಜಬೇಕು. ಹೋಗುವ ಮುಂಚೆಯೇ ಪ್ರೈಮರ್ ಸವೆದು ಕೆಳಗಿನ ಬಣ್ಣ ಇಣುಕಿದರೆ, ಮತ್ತೆ ಪ್ರೈಮರ್ ಹೊಡೆದು ಮತ್ತೆ ಗೈಡ್ ಕೋಟ್. ಬರಿ ಬೆರಳಿನಲ್ಲಿ ಒತ್ತಿ ಉಜ್ಜಿದರೆ ಬೆರಳಗಲದ ಕಾಲುವೆಗಳು ಬೀಳುತ್ತವೆ, ಅವು ಕ್ಲಿಯರ್ ಬಿದ್ದ ಮೇಲೆ ಬಿಸಿಲಿನಲ್ಲಷ್ಟೇ ಕಾಣುತ್ತವೆ. ಫೇರಿಂಗಿನ ಚೂಪು ಅಂಚುಗಳಲ್ಲಿ ಪ್ರೈಮರ್ ತೆಳು. ಅಂಚಿಗೆ ಟೇಪ್ ಹಚ್ಚಿ ಒಳಗಿನದನ್ನೆಲ್ಲ ಮುಗಿಸಿ, ಕೊನೆಗೆ ಟೇಪ್ ತೆಗೆದು ಅಂಚಿನ ಮೇಲೆ ಎರಡೇ ಕೈ ಹಗುರಾಗಿ.

ಹಂತ 5: ಬಣ್ಣ

ಮೊದಲ ಸಲ ಹೊಡೆಯುವವರು ಮೆಟಾಲಿಕ್ ಆರಿಸಬೇಡಿ. ಕೈಯ ವೇಗ ಸ್ವಲ್ಪ ಹೆಚ್ಚುಕಡಿಮೆಯಾದರೂ ಹುಲಿಪಟ್ಟೆ ಬೀಳುತ್ತದೆ. ಕಪ್ಪೂ ಬೇಡ, ಅದು ಒಂದೊಂದು ಗೀರನ್ನೂ ತೋರಿಸುತ್ತದೆ. ಕೆಂಪು, ಹಳದಿಗೆ ಕೆಳಗೆ ಬಿಳಿ ಕೋಟ್ ಬೇಕು, ಇಲ್ಲವಾದರೆ ಆರು ಕೋಟ್ ಹೊಡೆದರೂ ಮುಚ್ಚುವುದಿಲ್ಲ. ಹಾಗಾಗಿ ಬಿಳಿ ಅಥವಾ ಬೂದು. ಹಸಿರು ಮನಸ್ಸಿಗೆ ಬಂದರೆ ನೆನಪಿರಲಿ: ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೇ ನಿಯಮದಂತೆ ಆಲಿವ್ ಗ್ರೀನ್ ಸೇನೆಯ ವಾಹನಗಳಿಗೆ ಮೀಸಲು. ಆರ್‌ಸಿಯಲ್ಲಿರುವ ಬಣ್ಣ ಬಿಟ್ಟು ಬೇರೆ ಹೊಡೆದರೆ ಆರ್‌ಟಿಒದಲ್ಲಿ ಬದಲಾವಣೆ ನಮೂದಾಗಬೇಕು. ಈ ಓಡಾಟ ಬೇಡವೆನ್ನುವವರು ಮೂಲ ಬಣ್ಣವನ್ನೇ ಹೊಡೆಯಿರಿ. ಫ್ರೇಮಿಗೂ ಬಣ್ಣ ಹೊಡೆಯುವುದಾದರೆ ಚಾಸಿ ನಂಬರ್ ಮೇಲೆ ಟೇಪ್ ಹಾಕುವುದು ಮರೆಯಬೇಡಿ.

ಇಡೀ ಬೈಕಿಗೆ 400 ಮಿ.ಲೀ. ಕ್ಯಾನ್‌ಗಳ ಲೆಕ್ಕದಲ್ಲಿ ಸುಮಾರು ಪ್ರೈಮರ್ 3, ಬಣ್ಣ 4, ಕ್ಲಿಯರ್ 4 ಬೇಕು. ಕಂಪ್ರೆಸರ್ ಬಾಡಿಗೆಗೆ ಸಿಕ್ಕರೆ 1.3 ಅಥವಾ 1.4 ಮಿ.ಮೀ. ನಾಜಲ್‌ನ ಗನ್ ಮೇಲು.

ದಿನ ಆರಿಸುವುದೂ ಕೆಲಸದ ಭಾಗ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಒಣ ಹವೆ, ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮುಂಚೆ, ಬೆಳಗಿನ ಒಂಬತ್ತರಿಂದ ಹನ್ನೊಂದು. ಮಲೆನಾಡು, ಕರಾವಳಿಯವರು ಆಷಾಢದಲ್ಲಿ ಗನ್ ಮುಟ್ಟಲೇಬೇಡಿ. ಥಿನ್ನರ್ ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ.

ಕ್ಯಾನ್ ಆದರೆ ಉಗುರುಬೆಚ್ಚನೆ ನೀರಿನಲ್ಲಿ ಐದು ನಿಮಿಷ ಇಟ್ಟು, ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಕುಲುಕಿ. ಒಂದು ಗೇಣು ದೂರ. ಭಾಗದ ಹೊರಗೆ ಒತ್ತಲು ಶುರುಮಾಡಿ ಹೊರಗೆಯೇ ಬಿಡಿ. ಹಿಂದಿನ ಪಟ್ಟಿಯ ಅರ್ಧಕ್ಕೆ ಮುಂದಿನ ಪಟ್ಟಿ ಕೂರಬೇಕು. ಮಣಿಕಟ್ಟು ತಿರುಗಿಸದೆ ಇಡೀ ತೋಳು ಸರಿಸಿ. ಮೊದಲ ಕೋಟ್‌ನಲ್ಲಿ ಕೆಳಗಿನ ಪ್ರೈಮರ್ ಕಾಣುತ್ತಲೇ ಇರಬೇಕು. ಅಲ್ಲೇ ಮುಚ್ಚಲು ಹೋದವರ ಬಣ್ಣ ಇಳಿದು ಗೆರೆಯಾಗುತ್ತದೆ. ನಡುವೆ ಹತ್ತು ನಿಮಿಷ ಬಿಟ್ಟು ಮೂರು ನಾಲ್ಕು ಕೋಟ್.

ಹಂತ 6: ಕ್ಲಿಯರ್

ಅಂಗಡಿಯವರು ಕೊಡುವ ಸಾಮಾನ್ಯ ಕ್ಲಿಯರ್ ಕ್ಯಾನ್ 1ಕೆ, ಅಂದರೆ ಹಾರ್ಡನರ್ ಇಲ್ಲದ್ದು. ಒಣಗಿದ ಮೇಲೂ ಪೆಟ್ರೋಲಿಗೆ ಕರಗುತ್ತದೆ. ನಂಬಿಕೆಯಿಲ್ಲದಿದ್ದರೆ ಹಳೇ ತಗಡಿನ ಮೇಲೆ ಹೊಡೆದು, ವಾರ ಬಿಟ್ಟು, ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬಣ್ಣ ಬರುತ್ತದೆ. ಬೇಕಾದದ್ದು ಹಾರ್ಡನರ್ ಬೆರೆಯುವ 2ಕೆ ಕ್ಲಿಯರ್. ಡಬ್ಬಿಯದಾದರೆ ಸಾಮಾನ್ಯವಾಗಿ ಎರಡು ಪಾಲಿಗೆ ಒಂದು ಪಾಲು ಹಾರ್ಡನರ್, ಆದರೂ ಲೇಬಲ್ ಹೇಳಿದ್ದೇ ಅಂತಿಮ. ಅಳತೆ ಲೋಟ ಬಳಸಿ, ಅಂದಾಜು ಬೇಡ. ಕ್ಯಾನ್ ಆದರೆ ತಳದ ಗುಂಡಿ ಒತ್ತಿ ಹಾರ್ಡನರ್ ಬೆರೆತ ಮೇಲೆ ಉಳಿಸಿಡಲಾಗದು. ಹಾಗಾಗಿ ಎಲ್ಲ ಭಾಗ ಸಾಲಾಗಿ ತೂಗುಹಾಕಿಕೊಂಡೇ ಒತ್ತಿ.

ಈ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇದೆ. ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ತರಬಲ್ಲದು. ಕರ್ಚೀಫು, ಸರ್ಜಿಕಲ್ ಮಾಸ್ಕ್ ಏನೂ ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ರಾಸಾಯನಿಕ ಆವಿ ಹೀರುವ ಡಬ್ಬಿ) ಜೊತೆಗೆ ಸ್ಪ್ರೇ ಹನಿ ತಡೆಯುವ ಫಿಲ್ಟರೂ ಇರುವ ರೆಸ್ಪಿರೇಟರ್, ಕನ್ನಡಕ, ಕೈಗವಸು ಇಲ್ಲದಿದ್ದರೆ 2ಕೆ ಹೊಡೆಯುವ ಕೆಲಸವನ್ನು ಪೇಂಟಿಂಗ್ ಶೆಡ್‌ಗೆ ಕೊಟ್ಟುಬಿಡಿ. ಉಜ್ಜಿ ಬಣ್ಣ ಹೊಡೆದು ತಂದ ಭಾಗಕ್ಕೆ ಕ್ಲಿಯರ್ ಮಾತ್ರ ಹೊಡೆದುಕೊಡುವವರು ಸಿಗುತ್ತಾರೆ.

ಮೊದಲ ಕೋಟ್ ಹಗುರ. ಹತ್ತು ನಿಮಿಷದ ನಂತರ ಪಕ್ಕದಲ್ಲಿ ಅಂಟಿಸಿದ, ಕ್ಲಿಯರ್ ಬಿದ್ದ ಟೇಪಿನ ತುದಿಯಲ್ಲಿ ಬೆರಳಿಟ್ಟು ನೋಡಿ: ಅಂಟಬೇಕು, ಎಳೆ ಬರಬಾರದು. ಆಗ ಎರಡನೇ ಕೋಟ್ ದಪ್ಪ, ಹೊಳೆಯುವಷ್ಟು. ಬೇಕಿದ್ದರೆ ಮೂರನೆಯದು. ಹಸಿ ಕ್ಲಿಯರ್ ಮೇಲೆ ಸೊಳ್ಳೆ ಕೂತರೆ ಕೈ ಹಾಕಬೇಡಿ. ಅದು ಅಲ್ಲೇ ಸಾಯಲಿ, ಒಣಗಿದ ಮೇಲೆ 2000ದ ಪೇಪರಿಗೆ ಹೋಗುತ್ತದೆ. ಕೈ ಹಾಕಿದರೆ ಸೊಳ್ಳೆಯ ಜಾಗದಲ್ಲಿ ಹೆಬ್ಬೆರಳಗಲ ಗಾಯ.

ಹಂತ 7: ಹೊಳಪು, ಜೋಡಣೆ

ಎರಡು ದಿನ ಬಿಟ್ಟು 2000, 2500ರ ವಾಟರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್. ಅಂಚುಗಳನ್ನು ಬಿಟ್ಟುಬಿಡಿ. ವ್ಯಾಕ್ಸ್‌ಗೆ ಒಂದು ತಿಂಗಳು ಕಾಯಿರಿ, ಒಳಗಿನ ಥಿನ್ನರ್ ಇನ್ನೂ ಹೊರಬರುತ್ತಿರುತ್ತದೆ. ಟ್ಯಾಂಕಿಗೆ ಪೆಟ್ರೋಲ್ ಒಂದು ವಾರದ ನಂತರ, ಬಾಯಿಯ ಸುತ್ತ ಬಟ್ಟೆ ಇಟ್ಟುಕೊಂಡೇ.

ಜೋಡಿಸುವಾಗ ರಬ್ಬರ್ ಬುಷ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗೂಟಗಳು ಸಲೀಸಾಗಿ ಕೂರುತ್ತವೆ. ಸ್ಕ್ರೂಗಳನ್ನೆಲ್ಲ ಮೊದಲು ಎರಡೆರಡು ಸುತ್ತು ಮಾತ್ರ ಹತ್ತಿಸಿ, ಪ್ಯಾನೆಲ್‌ಗಳ ಸಂದು ಸಮವಾದ ಮೇಲೆ ಒಂದೊಂದಾಗಿ ಬಿಗಿಯಿರಿ. ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿ. ಕಬ್ಬಿಣದ ವಾಷರ್ ಹೊಸ ಕ್ಲಿಯರ್ ಮೇಲೆ ಮೊದಲ ಬಿಗಿತಕ್ಕೇ ಉಂಗುರ ಕೊರೆಯುತ್ತದೆ, ಮೊದಲ ಮಳೆಗೆ ಆ ಉಂಗುರದಿಂದಲೇ ಬಣ್ಣ ಏಳಲು ಶುರು.