ಇಪ್ಪತ್ತು ಹೆಜ್ಜೆ ದೂರದಿಂದ ನಿಮ್ಮ ಲಾರಿಯ ಫಲಕ ಓದಿ

ನವಿ ಮುಂಬಯಿಯ ಕಳಂಬೋಲಿಯ ಸಾಗಣೆ ಕಚೇರಿಯೊಂದರಲ್ಲಿ ನಾನು ಬಿಲ್ಟಿ, ಅಂದರೆ ಸರಕಿನ ರಸೀದಿ, ಬರೆಯುತ್ತಿದ್ದ ಕಾಲ. ಆಷಾಢದ ಒಂದು ರಾತ್ರಿ ತಳೋಜಾದ ಕಾರ್ಖಾನೆಯಿಂದ ಆಸಿಡ್ ಡ್ರಮ್ಮುಗಳನ್ನು ಹೇರಿಕೊಂಡು ಬಂದ ಲಾರಿಯೊಂದು ನಮ್ಮ ಬಾಗಿಲಲ್ಲಿ ನಿಂತಿತು. ವಿಜಯಪುರ ಕಡೆಯ ಚಾಲಕ ಚಹಾ ಕುಡಿಯಲು ಇಳಿದ. ನಾನು ಬ್ಯಾಟರಿ ಹಿಡಿದು ಲಾರಿಯನ್ನು ಒಂದು ಸುತ್ತು ಹಾಕಿದೆ. ಒಳಗಿನ ಸರಕಿನ ಅಪಾಯ ತಿಳಿಸುವ ಫಲಕಗಳು ಮೂರೂ ಇದ್ದವು. ಓದಲು ಒಂದೂ ಬರಲಿಲ್ಲ. ಎಡಬದಿಯದರ ಮೇಲೆ ತಾಡಪತ್ರಿ ಇಳಿಬಿದ್ದಿತ್ತು, ಬಲಬದಿಯದನ್ನು ಹಗ್ಗದ ಸುರುಳಿ ಮುಚ್ಚಿತ್ತು, ಹಿಂಬದಿಯದು ಕೆಸರಿನಡಿ ಹೂತುಹೋಗಿತ್ತು.

"ಫಲಕ ಇದೆಯಲ್ಲ ಸಾಹೇಬರೇ, ಆರ್‌ಟಿಒದವರು ಕೇಳಿದರೆ ತಾಡಪತ್ರಿ ಎತ್ತಿ ತೋರಿಸುತ್ತೇನೆ" ಎಂದ.

ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಲಾರಿ ಮಗುಚಿದಾಗ ತಾಡಪತ್ರಿ ಎತ್ತಿ ತೋರಿಸಲು ಚಾಲಕನಿಗೆ ಪ್ರಜ್ಞೆ ಇರುತ್ತದೆಯೇ? 2023ರ ಜೂನ್ 13ರಂದು ಲೋಣಾವಳದ ಬಳಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ವೇನಲ್ಲಿ ಟ್ಯಾಂಕರೊಂದು ಉರುಳಿ ಹೊತ್ತಿಕೊಂಡಿತು. ಉರಿಯುವ ದ್ರವ ಸೇತುವೆಯ ಕೆಳಗಿನ ರಸ್ತೆಗೂ ಸುರಿದು ನಾಲ್ವರು ಸತ್ತರು. ಅಂಥ ಜಾಗಕ್ಕೆ ಓಡಿಬರುವ ಅಗ್ನಿಶಾಮಕ ಸಿಬ್ಬಂದಿಗೆ ನಿಮ್ಮ ಬಿಲ್ಟಿ ಸಿಗುವುದಿಲ್ಲ. ದೂರದಿಂದ ಅವರ ಕಣ್ಣಿಗೆ ಬೀಳಬಹುದಾದದ್ದು ಫಲಕ ಮಾತ್ರ.

ಹಾಗಾಗಿ ಮಹುಲ್, ತಳೋಜಾ, ಪಾತಾಳಗಂಗಾ, ಉರಣ್ ಕಡೆ ಸರಕು ಎತ್ತುವ ನಮ್ಮ ಚಾಲಕರೂ ಮಾಲೀಕರೂ ಹೊರಡುವ ಮುನ್ನ ಏನು ಮಾಡಬೇಕೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಾಗದ. ಸರಕು ಕಳುಹಿಸುವವರಿಂದ ಅದರ ಸರಿಯಾದ ತಾಂತ್ರಿಕ ಹೆಸರು, ಅಪಾಯದ ವರ್ಗ, ಆ ಸರಕನ್ನು ಗುರುತಿಸುವ ನಾಲ್ಕು ಅಂಕಿಯ ವಿಶ್ವಸಂಸ್ಥೆ ಸಂಖ್ಯೆ, ತುರ್ತು ದೂರವಾಣಿ ಇವಿಷ್ಟನ್ನೂ ಬರಹದಲ್ಲಿ ಪಡೆಯಿರಿ. ಬರೀ "ಕೆಮಿಕಲ್" ಎಂದು ಬರೆದುಕೊಟ್ಟರೆ ಲೋಡ್ ಮಾಡಿಸಬೇಡಿ. ಈ ಬರಹ ಪ್ರಯಾಣದುದ್ದಕ್ಕೂ ಚಾಲಕನ ಕ್ಯಾಬಿನ್‌ನಲ್ಲೇ ಇರಬೇಕು.

ಎರಡನೆಯದು ಅಳತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 134ನೇ ನಿಯಮದಂತೆ ತುರ್ತು ಮಾಹಿತಿ ಫಲಕ ಮೂರು ಕಡೆ ಇರಬೇಕು: ಎರಡು ಬದಿಗಳಲ್ಲಿ, ಹಿಂಭಾಗದಲ್ಲಿ. ಸರಕಿನ ಹೆಸರಿನ ಅಕ್ಷರಗಳು ಕನಿಷ್ಠ 50 ಮಿಲಿಮೀಟರ್ ಎತ್ತರ, ಸಂಖ್ಯೆ ಕನಿಷ್ಠ 100 ಮಿಲಿಮೀಟರ್, ದೂರವಾಣಿಯ ಸಾಲು 50. ವರ್ಗದ ಚಿಹ್ನೆ 250 ಮಿಲಿಮೀಟರಿಗೆ ಕಡಿಮೆಯಿಲ್ಲದ ಚೌಕ. ಅದನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಓರೆಯಾಗಿ ಅಂಟಿಸಬೇಕು. ಟೇಪು ಹಿಡಿದು ಅಳೆಯಿರಿ. ಡ್ರಮ್ಮಿಗೆ ಅಂಟಿಸುವ ಚಿಕ್ಕ ಚೀಟಿಯನ್ನೇ ಲಾರಿಗೂ ಅಂಟಿಸಿಕೊಂಡು ಹೋಗುವವರನ್ನು ನಾನು ಕಂಡಿದ್ದೇನೆ. ಅದು ಮೂರು ಮಾರು ದೂರದಿಂದ ಓದಲೂ ಬಾರದು.

ಅಂಕಿಗೆ ಇಷ್ಟು ದೊಡ್ಡ ಜಾಗ ಏಕೆಂದು ಕೇಳಬಹುದು. ನಮ್ಮ ಲಾರಿ ಮರಾಠಿ ನಾಡಿನಲ್ಲಿ ಹೊರಟು ನಿಪ್ಪಾಣಿಯಲ್ಲಿ ಕನ್ನಡ ನಾಡಿಗೆ ಇಳಿಯುತ್ತದೆ, ಅನಮೋಡ ಘಾಟಿಯಿಂದ ಗೋವೆಗೂ ಹೋಗುತ್ತದೆ. ದಾರಿಯ ಭಾಷೆ ಬದಲಾದರೂ 1203 ಎಂದರೆ ಎಲ್ಲೆಡೆಯೂ ಪೆಟ್ರೋಲ್, 1017 ಎಂದರೆ ಕ್ಲೋರಿನ್. ಪೆಟ್ರೋಲ್ ಟ್ಯಾಂಕರಿನ ಮೇಲೆ ಅಗ್ನಿಶಾಮಕ ಸಿಬ್ಬಂದಿಗೆಂದು ಬರೆದ 3ವೈಇ (3YE) ಎಂಬ ಸಂಕೇತವನ್ನೂ ನೋಡಿರುತ್ತೀರಿ. ಇಲ್ಲಿ 3 ಎಂದರೆ ನೊರೆಯಿಂದ ಆರಿಸಿ. ವೈ ಎಂದರೆ ಉಸಿರಾಟದ ಉಪಕರಣ ತೊಡಿ, ಸೋರಿದ್ದು ಚರಂಡಿ ಸೇರದಂತೆ ತಡೆಯಿರಿ, ಸ್ಫೋಟದ ಅಪಾಯವಿದೆ. ಇ ಎಂದರೆ ಸುತ್ತಲಿನ ಜನರನ್ನು ತೆರವು ಮಾಡಿಸುವುದನ್ನು ಯೋಚಿಸಿ. ಮೂರೇ ಅಕ್ಷರದಲ್ಲಿ ಇಷ್ಟು ಮಾತು ಅಡಗಿದೆ. ಒಂದು ಅಕ್ಷರ ಅಳಿಸಿಹೋದರೂ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಮೂರನೆಯದು ಜಾಗ. ಏಣಿ, ಸ್ಟೆಪ್ನಿ, ಅಗ್ನಿಶಾಮಕದ ಪೆಟ್ಟಿಗೆ, ಹಗ್ಗದ ಕೊಕ್ಕೆ ಇವುಗಳ ಹಿಂದೆ ಫಲಕ ಬೇಡ. ಹಿಂಬದಿಯಲ್ಲಿ ದೇವರ ಹೆಸರು, ಹೂಬಳ್ಳಿ, ಮಕ್ಕಳ ಹೆಸರು ಬರೆಸುವುದು ನಮ್ಮವರಿಗೆ ಪ್ರೀತಿಯ ಸಂಗತಿ. ಬರೆಸಲಿ, ಆದರೆ ಫಲಕದ ಸುತ್ತ ಒಂದು ಗೇಣು ಖಾಲಿ ಬಿಡಲಿ. ದೃಷ್ಟಿಗೆಂದು ಕಟ್ಟುವ ನಿಂಬೆ-ಮೆಣಸಿನಕಾಯಿಯೂ ಅದರ ಮೇಲೆ ತೂಗಾಡದಿರಲಿ. ಫಲಕವನ್ನು ಯಾವಾಗಲೂ ಸ್ವಚ್ಛವಾಗಿ, ಮರೆಯಿಲ್ಲದಂತೆ ಇಡಬೇಕೆಂದು ಅದೇ ನಿಯಮ ಹೇಳುತ್ತದೆ.

ತಾಡಪತ್ರಿ ಬಿಗಿದ ಮೇಲೆಯೇ ಮುಂದಿನ ಹೆಜ್ಜೆ. ಮೊದಲೇ ನೋಡಿ ಪ್ರಯೋಜನವಿಲ್ಲ. ಲಾರಿಯಿಂದ ಇಪ್ಪತ್ತು ಹೆಜ್ಜೆ ದೂರ ಹೋಗಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನಿಂತು ಸಂಖ್ಯೆಯನ್ನು ಗಟ್ಟಿಯಾಗಿ ಓದಿ. ಸಾಧ್ಯವಾದರೆ ಆ ಸರಕಿನ ಗಂಧವೇ ಇಲ್ಲದ ಬೇರೊಬ್ಬನಿಂದ ಓದಿಸಿ, ಏಕೆಂದರೆ ಅದು 1203 ಎಂದು ಗೊತ್ತಿರುವವನಿಗೆ ಮಸುಕು ಅಂಕಿಯೂ 1203 ಎಂದೇ ಕಾಣುತ್ತದೆ. ಇಪ್ಪತ್ತು ಹೆಜ್ಜೆಯ ಲೆಕ್ಕ ನಿಯಮದಲ್ಲಿಲ್ಲ, ನಾನು ರೂಢಿಸಿಕೊಂಡದ್ದು. ರಾತ್ರಿ ಹೊರಡುವುದಿದ್ದರೆ ಇದೇ ಪರೀಕ್ಷೆಯನ್ನು ಬ್ಯಾಟರಿ ಬೆಳಕಿನಲ್ಲಿ ಮಾಡಿ.

ದಾರಿಯಲ್ಲಿ ಈ ಹೊಣೆ ಕ್ಲೀನರ್‌ನದು. ಖಂಡಾಳ ಘಾಟಿ ಹತ್ತಿದ ಮೇಲೆ ಒಮ್ಮೆ, ಖಂಬಾಟಕಿ ದಾಟಿದ ಮೇಲೆ ಒಮ್ಮೆ, ಕೊಲ್ಹಾಪುರದ ಊಟದ ನಿಲುಗಡೆಯಲ್ಲಿ ಒಮ್ಮೆ ಒದ್ದೆ ಬಟ್ಟೆಯಿಂದ ಮೂರೂ ಫಲಕಗಳನ್ನು ಒರೆಸಲಿ. ಡೀಸೆಲ್ ಅದ್ದಿದ ಚಿಂದಿ ಬೇಡವೇ ಬೇಡ. ಅದರ ಜಿಡ್ಡಿಗೆ ಮತ್ತಷ್ಟು ಧೂಳು ಮೆತ್ತುತ್ತದೆ.

ಸರಕು ಇಳಿಸಿದ ಕೂಡಲೇ ಹಳೆಯ ಫಲಕ ಬದಲಿಸುವುದನ್ನು ಬಹಳ ಜನ ಮರೆಯುತ್ತಾರೆ. ನನ್ನ ಮಟ್ಟಿಗೆ ಫಲಕವೇ ಇಲ್ಲದಿರುವುದಕ್ಕಿಂತ ಸುಳ್ಳು ಫಲಕ ಹೆಚ್ಚು ಭಯದ್ದು. ಕ್ಯಾಲ್ಸಿಯಂ ಕಾರ್ಬೈಡ್ ಡ್ರಮ್ಮುಗಳಿರುವ ಲಾರಿಯ ಮೇಲೆ ಹೋದ ವಾರದ ಪೆಟ್ರೋಲಿಯಂ ಫಲಕ ಉಳಿದಿದೆಯೆಂದುಕೊಳ್ಳಿ. ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಏಳುತ್ತದೆ, ಅದು ಕಿಡಿಗೇ ಕಾಯುವ ಅನಿಲ. ನೀರಿನ ಅಪಾಯ ಸಾರುವ ನೀಲಿ ಚಿಹ್ನೆ ಕಾಣದಿದ್ದರೆ ನೆರವಿಗೆ ಬಂದವರೇ ನೀರಿನ ಪೈಪು ಬಿಡುತ್ತಾರೆ. ಇನ್ನು ಬರಿದಾದ ಪೆಟ್ರೋಲ್ ಟ್ಯಾಂಕರ್ ನಿಜಕ್ಕೂ ಬರಿದಲ್ಲ, ಒಳಗೆ ಆವಿ ತುಂಬಿರುತ್ತದೆ. ತೊಳೆದು ಆವಿ ಪೂರ್ತಿ ಹೋಗುವವರೆಗೆ ಅದರ ಫಲಕ ಇರಲೇಬೇಕು.

ಕೊನೆಯದಾಗಿ, ಫಲಕದ ಮೇಲಿನ ತುರ್ತು ಸಂಖ್ಯೆಗೆ ಹೊರಡುವ ಮುನ್ನ ನಿಮ್ಮ ಮೊಬೈಲಿನಿಂದಲೇ ಒಮ್ಮೆ ಕರೆ ಮಾಡಿ. ಆ ಆಷಾಢದ ರಾತ್ರಿ ತಾಡಪತ್ರಿ ಮಡಚಿ, ಹಗ್ಗ ಸರಿಸಿ, ಕೆಸರು ತೊಳೆದ ಮೇಲೆ ನಾನೂ ಚಾಲಕನೂ ಕೂಡಿ ಕರೆ ಮಾಡಿದೆವು. ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂಬ ಧ್ವನಿ ಮರಾಠಿಯಲ್ಲಿ ಕೇಳಿತು. ಲಾರಿಯನ್ನು ಅಲ್ಲೇ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಕಾರ್ಖಾನೆಯವರು ಹೊಸ ಸ್ಟಿಕ್ಕರ್ ಕಳುಹಿಸಿದರು. ಅದನ್ನು ಮೂರೂ ಕಡೆ ಅಂಟಿಸಿ, ಆ ಸಂಖ್ಯೆಗೂ ಕರೆ ಮಾಡಿ, ಅತ್ತಲಿಂದ ಮನುಷ್ಯನೊಬ್ಬ ಉತ್ತರಿಸಿದ ಮೇಲೆ ಲಾರಿ ಪುಣೆಯ ದಾರಿ ಹಿಡಿಯಿತು.