ಎಸ್‌ಯುವಿ ಹಿಂದೆ ಬೈಕ್ ಕಟ್ಟಿಕೊಂಡು ದೇವಿಮನೆ ಘಟ್ಟ ಹತ್ತುವುದು ಹೇಗೆ?

ಕಾರವಾರದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮನೆಮಂದಿಯ ಜೊತೆ ಬೈಕನ್ನೂ ಒಯ್ಯಬೇಕಾದರೆ ಎರಡು ದಾರಿ: ಪಿಕಪ್ ಬಾಡಿಗೆಗೆ ಹಿಡಿಯುವುದು, ಇಲ್ಲವೇ ಎಸ್‌ಯುವಿಯ ಹಿಂಬದಿಗೆ ಕ್ಯಾರಿಯರ್ ಸಿಕ್ಕಿಸಿ ಬೈಕನ್ನು ಅಡ್ಡಲಾಗಿ ನಿಲ್ಲಿಸಿ ಕಟ್ಟುವುದು. ಎರಡನೆಯದೂ ಆಗುವ ಕೆಲಸವೇ. ಆದರೆ ಎಲ್ಲ ಬೈಕಿಗೂ ಸಲ್ಲದು.

ಮೊದಲು ಭಾರದ ಲೆಕ್ಕ. ಸ್ಪ್ಲೆಂಡರ್ ಸುಮಾರು 112 ಕೆ.ಜಿ., ಕ್ಲಾಸಿಕ್ 350 ಸುಮಾರು 195 ಕೆ.ಜಿ. ತೂಗುತ್ತವೆ. ಕಬ್ಬಿಣದ ಕ್ಯಾರಿಯರ್‌ಗೆ 40 ಕೆ.ಜಿ. ಸೇರಿಸಿಕೊಳ್ಳಿ. ಈ ಭಾರವೆಲ್ಲ ಹಿಂದಿನ ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಸುಮಾರು 1.4 ಮೀಟರ್ ಹಿಂದಕ್ಕೆ ನೇತಾಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.75 ಮೀಟರ್ ಇರುವ ಸ್ಕಾರ್ಪಿಯೊ-ಎನ್‌ನಂಥ ಗಾಡಿಯಲ್ಲಿ ಸ್ಪ್ಲೆಂಡರ್ ಕಟ್ಟಿದರೆ ಹಿಂದಿನ ಆಕ್ಸಲ್ ಮೇಲೆ ಸುಮಾರು 230 ಕೆ.ಜಿ. ಬೀಳುತ್ತದೆ, ಮುಂದಿನ ಚಕ್ರಗಳಿಂದ 75 ಕೆ.ಜಿ.ಯಷ್ಟು ಭಾರ ಎದ್ದುಹೋಗುತ್ತದೆ. ಕ್ಲಾಸಿಕ್ ಆದರೆ ಹಿಂದೆ 355, ಮುಂದೆ 120. ಘಟ್ಟದ ತಿರುವಿನಲ್ಲಿ ಗಾಡಿಯನ್ನು ತಿರುಗಿಸುವುದೂ ಬಹುಪಾಲು ತಡೆದು ನಿಲ್ಲಿಸುವುದೂ ಮುಂದಿನ ಚಕ್ರಗಳೇ. ಒದ್ದೆ ರಸ್ತೆಯಲ್ಲಿ ಅವುಗಳ ಹಿಡಿತ ಕಡಿಮೆಯಾಗುವುದೇ ಇಲ್ಲಿನ ದೊಡ್ಡ ಅಪಾಯ. ಹಾಗಾಗಿ ನಮ್ಮ ಸಲಹೆ ಸ್ಪಷ್ಟ: 125 ಕೆ.ಜಿ. ಮೀರಿದ ಬೈಕಿಗೆ ಪಿಕಪ್ಪೇ ಸರಿ.

ಕ್ಯಾರಿಯರ್ ಕೂರಬೇಕಾದ್ದು ಚಾಸಿಗೆ ಬೋಲ್ಟ್ ಮಾಡಿದ 2 ಇಂಚಿನ ಚೌಕ ಕೊಳವೆಯ ಹಿಚ್‌ನಲ್ಲಿ, ಅಂದರೆ ಟ್ರೇಲರ್ ಎಳೆಯಲು ಹಾಕುವ ಕೊಂಡಿಯಲ್ಲಿ. ಬಂಪರ್‌ಗೆ ವೆಲ್ಡಿಂಗ್ ಮಾಡಿಸಿದ ಗಾರ್ಡ್ ಈ ಕೆಲಸಕ್ಕೆ ಬಾರದು. ಹಿಚ್ ಎಷ್ಟು ಭಾರ ಎಳೆಯುತ್ತದೆ ಎಂಬುದಕ್ಕಿಂತ ಕೆಳಮುಖವಾಗಿ ಎಷ್ಟು ಹೊರುತ್ತದೆ ಎಂಬುದನ್ನು ನೋಡಿ. ಅದು ಎಳೆಯುವ ಭಾರದ ಹತ್ತನೇ ಒಂದು ಪಾಲು ಇದ್ದರೆ ಹೆಚ್ಚು, ಅನೇಕ ಕಡೆ ಅದಕ್ಕೂ ಕಡಿಮೆ. ಸ್ಟೆಪ್ನಿ ಹಿಂಬಾಗಿಲಲ್ಲಿರುವ ಥಾರ್, ಬೊಲೆರೊಗಳಲ್ಲಿ ಕ್ಯಾರಿಯರ್ ಇನ್ನಷ್ಟು ಹಿಂದಕ್ಕೆ ಹೋಗುವುದರಿಂದ ಲೆಕ್ಕ ಮತ್ತೂ ಬಿಗಿಯಾಗುತ್ತದೆ. ಕೊಳವೆಯೊಳಗೆ ಕ್ಯಾರಿಯರ್ ಲಟಲಟ ಅಲುಗಾಡದಂತೆ ಯು-ಬೋಲ್ಟ್ ಹಾಕಿ ಬಿಗಿಮಾಡಿ. ಈ ಅಲುಗಾಟವೇ ಕ್ಯಾರಿಯರನ್ನು ಕೊಳವೆಯಲ್ಲಿ ಹಿಡಿದಿಡುವ ಪಿನ್ನಿನ ತೂತನ್ನು ತಿಂದು ಅಗಲ ಮಾಡುತ್ತದೆ.

ಹತ್ತಿಸುವ ಮುನ್ನ ಪೆಟ್ರೋಲ್ ಕಾಲು ಟ್ಯಾಂಕ್‌ಗೆ ಇಳಿಸಿ, ಸೈಲೆನ್ಸರ್ ತಣ್ಣಗಾಗಲು ಬಿಡಿ. ಬಿಸಿ ಸೈಲೆನ್ಸರ್‌ಗೆ ತಾಗಿದರೆ ಬೈಕ್ ಕಟ್ಟುವ ಬೆಲ್ಟ್ ಕರಗಿ ಹರಿಯುತ್ತದೆ. ಕ್ಯಾರಿಯರ್ 55 ಸೆಂ.ಮೀ. ಎತ್ತರದಲ್ಲಿದ್ದರೆ 2 ಮೀಟರ್ ಉದ್ದದ ರ‍್ಯಾಂಪ್ ಬೇಕು, ಅದರ ತುದಿಯನ್ನು ಕ್ಯಾರಿಯರ್‌ಗೆ ಕಟ್ಟಿರಬೇಕು. ಎಂಜಿನ್ ಆಫ್ ಮಾಡಿ ಇಬ್ಬರು ಸೇರಿ ತಳ್ಳಿ. ಸವಾರಿ ಮಾಡುತ್ತ ಹತ್ತಿಸುವ ಸಾಹಸ ಬೇಡ.

ಕಟ್ಟುವುದರಲ್ಲೇ ಹೆಚ್ಚಿನವರು ತಪ್ಪುವುದು. ಬೈಕ್ ಡಬಲ್ ಸ್ಟ್ಯಾಂಡ್ ಮೇಲಾಗಲಿ ಸೈಡ್ ಸ್ಟ್ಯಾಂಡ್ ಮೇಲಾಗಲಿ ನಿಲ್ಲಬಾರದು. ಗುಂಡಿಗೆ ಬಿದ್ದಾಗ ಸ್ಟ್ಯಾಂಡ್ ಬಾಗುತ್ತದೆ, ಬೆಲ್ಟ್ ಸಡಿಲಾಗುತ್ತದೆ. ಎರಡೂ ಟಯರ್ ಕ್ಯಾರಿಯರ್‌ನ ಚಾನೆಲ್‌ನೊಳಗೆ (ಉದ್ದದ ತೋಡಿನೊಳಗೆ) ಕೂರಲಿ. ಬೆಲ್ಟ್ ಹಾಕಬೇಕಾದ್ದು ಹ್ಯಾಂಡಲ್ ತುದಿಗಲ್ಲ, ಎರಡು ಫೋರ್ಕ್ ಕೂಡುವ ಕೆಳಗಿನ ಬ್ರಾಕೆಟ್‌ಗೆ. ಅಲ್ಲಿಂದ ಒಂದು ಬೆಲ್ಟ್ ಗಾಡಿಯ ಕಡೆಗೆ, ಇನ್ನೊಂದು ಹೊರಗಡೆಗೆ, ಎರಡೂ ಸುಮಾರು 45 ಡಿಗ್ರಿ ಓರೆಯಲ್ಲಿ ಇಳಿದು ಕ್ಯಾರಿಯರ್‌ನ ಫ್ರೇಮಿಗೆ ಸಿಗಬೇಕು. ಮುಂದಿನ ಶಾಕ್ ಅರ್ಧದಷ್ಟು ಕುಗ್ಗುವವರೆಗೆ ಎರಡೂ ಬದಿಯನ್ನು ಸಮನಾಗಿ ಎಳೆಯಿರಿ. ಪೂರ್ತಿ ಕುಗ್ಗಿಸಿದರೆ ಆಯಿಲ್ ಸೀಲ್ ಹಾಳು, ಕುಗ್ಗಿಸದೇ ಬಿಟ್ಟರೆ ಪ್ರತಿ ಹಂಪ್‌ನಲ್ಲೂ ಕೊಕ್ಕೆ ಕಳಚುವ ಭಯ. ಹಿಂದೆ ಸೀಟಿನ ಕೆಳಗಿನ ಚಾಸಿಗೆ ಹೀಗೆಯೇ ಮತ್ತೆರಡು, ಚಕ್ರಗಳಿಗೆ ಒಂದೊಂದು: ಒಟ್ಟು ಆರು. ಮುಂದಿನ ಬ್ರೇಕ್ ಲಿವರನ್ನು ಹಳೆಯ ಟ್ಯೂಬ್ ತುಂಡಿನಿಂದ ಬಿಗಿಯಿರಿ, ಗೇರ್ ಒಂದರಲ್ಲಿರಲಿ. ಬೆಲ್ಟ್ ರ‍್ಯಾಚೆಟ್‌ನದು (ಹಿಡಿ ಆಡಿಸಿದಂತೆ ಹಲ್ಲುಹಲ್ಲಾಗಿ ಬಿಗಿಯುವಂಥದ್ದು), ಪಾಲಿಯೆಸ್ಟರ್‌ನದು ಆಗಿರಲಿ. ನಮ್ಮ ಮಳೆಯಲ್ಲಿ ನೈಲಾನ್ ನೀರು ಕುಡಿದು ಹಿಗ್ಗುತ್ತದೆ.

ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಮರೆಯಾಗಬಾರದು. ಲೈಟುಗಳು ಮುಚ್ಚಿಹೋದರೆ ಕ್ಯಾರಿಯರ್‌ಗೇ ಬೇರೆ ಜೋಡಿಸಿ. ಗಾಡಿಯ ಸೈಲೆನ್ಸರ್ ಬಾಯಿ ಬೈಕಿನ ಟಯರ್‌ಗೆ ನೇರವಿದ್ದರೆ ತಗಡು ಅಡ್ಡ ಕಟ್ಟಿ, ಇಲ್ಲದಿದ್ದರೆ ರಬ್ಬರ್ ಬೇಯುತ್ತದೆ. ಹಿಂದಿನ ಟಯರ್‌ಗಳಿಗೆ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಪೂರ್ಣ ಭಾರದ ಒತ್ತಡದಷ್ಟು ಗಾಳಿ ಹಾಕಿಸಿ. ಮೂರನೇ ಸಾಲಿನ ಸೀಟು ಖಾಲಿ ಇರಲಿ. ಮುಂಭಾಗ ಮೇಲೇಳುವುದರಿಂದ ಹೆಡ್‌ಲೈಟನ್ನೂ ಒಂದೆರಡು ಹಂತ ತಗ್ಗಿಸಿ.

ಹೊರಟು ಹತ್ತು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಬೆಲ್ಟ್ ನೋಡಿ. ಕುಮಟಾದಲ್ಲಿ ಹೆದ್ದಾರಿ 66 ಬಿಟ್ಟು ಶಿರಸಿ ರಸ್ತೆಗೆ ತಿರುಗುವ ಮುನ್ನ ಮತ್ತೊಮ್ಮೆ ನೋಡಿ. ಸ್ಪ್ಲೆಂಡರ್ 2 ಮೀಟರ್ ಉದ್ದ. ಎಸ್‌ಯುವಿಯ ಅಗಲ ಅದಕ್ಕಿಂತ ಕಡಿಮೆ. ಹಾಗಾಗಿ ಎರಡೂ ಬದಿಗೆ ಚಕ್ರ ಒಂದಿಷ್ಟು ಹೊರಚಾಚುತ್ತದೆ. ಹೇರ್‌ಪಿನ್‌ನಲ್ಲಿ ಗಾಡಿಯ ಬಾಲ ಹೊರಕ್ಕೆ ಬೀಸುತ್ತದೆ, ಎದುರಿನಿಂದ ಬಸ್ ಬಂದರೆ ಅದನ್ನು ಮುಂದೆ ಬಿಡುವುದೇ ಲೇಸು. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ.

ಕೆಲಸ ಮುಗಿದ ಮೇಲೆ ಕ್ಯಾರಿಯರನ್ನು ಹಾಗೇ ಗಾಡಿಗೆ ಬಿಡಬೇಡಿ. ಕರಾವಳಿಯ ಉಪ್ಪುಗಾಳಿಗೆ ಹಿಚ್ ಪಿನ್ ಕೊಳವೆಯಲ್ಲೇ ತುಕ್ಕುಹಿಡಿದು ಕೂತುಬಿಡುತ್ತದೆ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಪಿನ್ನಿಗೂ ರ‍್ಯಾಚೆಟ್ ಹಲ್ಲುಗಳಿಗೂ ಗ್ರೀಸ್ ಹಚ್ಚಿಡಿ. ನೂಲು ಎದ್ದ ಬೆಲ್ಟನ್ನು ಮತ್ತೆ ಬಳಸಬೇಡಿ.