ಟೆಲಿಕಾಂ ಮತ್ತು ನೆಟ್‌ವರ್ಕಿಂಗ್ ಮಾರುಕಟ್ಟೆಯ ವಿಶ್ಲೇಷಕರಾಗಲು: ಮೈಸೂರು, ಮಂಡ್ಯದ ಪದವೀಧರರಿಗೆ ಕೆಲವು ಸೂಚನೆಗಳು

ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಅಥವಾ ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಓದಿ ಹೊರಬರುವವರಿಗೆ ಸಾಫ್ಟ್‌ವೇರ್ ಕೆಲಸದ ದಾರಿಯನ್ನು ಯಾರೂ ಹೊಸದಾಗಿ ತೋರಿಸಬೇಕಾಗಿಲ್ಲ. ಆದರೆ ರೂಟರ್, ಸ್ವಿಚ್, ವೈ-ಫೈ ಉಪಕರಣ ಮತ್ತು ಮೊಬೈಲ್ ಸೇವೆಗಳನ್ನು ಯಾರು ಕೊಳ್ಳುತ್ತಿದ್ದಾರೆ, ಏಕೆ ಕೊಳ್ಳುತ್ತಿದ್ದಾರೆ, ಮುಂದಿನ ವರ್ಷ ಎಷ್ಟು ಕೊಳ್ಳಬಹುದು ಎಂಬುದನ್ನೇ ಅಧ್ಯಯನ ಮಾಡುವ ವೃತ್ತಿಯೊಂದಿದೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಗಾರ್ಟ್‌ನರ್, ಐಡಿಸಿ, ಓಮ್ಡಿಯಾದಂತಹ ಸಂಶೋಧನಾ ಸಂಸ್ಥೆಗಳು, ಉಪಕರಣ ತಯಾರಕರು ಮತ್ತು ಷೇರು ಮಾರುಕಟ್ಟೆಯ ಸಂಸ್ಥೆಗಳು ಇಂಥವರನ್ನು ನೇಮಿಸಿಕೊಳ್ಳುತ್ತವೆ. ವಾಣಿಜ್ಯ ಅಥವಾ ಅರ್ಥಶಾಸ್ತ್ರ ಓದಿದವರೂ ಹಿಂಜರಿಯಬೇಕಾಗಿಲ್ಲ. ತಾಂತ್ರಿಕ ವಿಷಯವನ್ನು ಕಲಿಯಬಹುದು, ಲೆಕ್ಕದ ಶಿಸ್ತನ್ನು ತಡವಾಗಿ ಕಲಿಯುವುದೇ ಕಷ್ಟ.

ಅಭ್ಯಾಸವನ್ನು ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ವರದಿಗಳಿಂದ ಆರಂಭಿಸಿ. 1997ರಲ್ಲಿ ಸ್ಥಾಪನೆಯಾದ ಈ ಪ್ರಾಧಿಕಾರವು ಚಂದಾದಾರರ ವಿವರವನ್ನು ಪ್ರತಿ ತಿಂಗಳೂ, ವರಮಾನದ ವಿವರವನ್ನು ಪ್ರತಿ ತ್ರೈಮಾಸಿಕಕ್ಕೂ ಉಚಿತವಾಗಿ ಪ್ರಕಟಿಸುತ್ತದೆ. ಮಾಸಿಕ ವರದಿಯಲ್ಲಿ ಕರ್ನಾಟಕದ ಸಾಲನ್ನು ಹುಡುಕಿ, ಪ್ರತಿ ಕಂಪನಿಯ ಒಟ್ಟು ಮೊಬೈಲ್ ಸಂಪರ್ಕಗಳ ಪಕ್ಕದಲ್ಲಿ ಸಕ್ರಿಯ ಸಂಪರ್ಕಗಳ ಪ್ರಮಾಣವನ್ನು ಬರೆದುಕೊಳ್ಳಿ. ಸಕ್ರಿಯ ಸಂಪರ್ಕಗಳನ್ನು ಲೆಕ್ಕ ಹಾಕುವುದು ವಿಎಲ್‌ಆರ್ ದತ್ತಾಂಶದಿಂದ, ಅಂದರೆ ಆ ಹೊತ್ತಿನಲ್ಲಿ ಜಾಲಕ್ಕೆ ಸೇರಿಕೊಂಡಿರುವ ಸಿಮ್‌ಗಳ ತಾತ್ಕಾಲಿಕ ದಾಖಲೆಯಿಂದ. ತಿಂಗಳಲ್ಲಿ ಅದು ಗರಿಷ್ಠ ಮಟ್ಟದಲ್ಲಿದ್ದ ದಿನದ ಅಂಕಿಯನ್ನು ತೆಗೆದುಕೊಳ್ಳಲಾಗುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವು ಎಲ್ಲ ಕಂಪನಿಗಳಿಗೂ ಒಂದೇ ಆಗಿರುವುದಿಲ್ಲ, ಮತ್ತು ಅಂತರ ದೊಡ್ಡದಿದ್ದ ಕಡೆ ಮಾರುಕಟ್ಟೆ ಪಾಲಿನ ಹೆಗ್ಗಳಿಕೆಯನ್ನು ಅನುಮಾನದಿಂದಲೇ ನೋಡಬೇಕು. ಒಬ್ಬರ ಕೈಯಲ್ಲಿ ಎರಡು ಸಿಮ್ ಇದ್ದರೆ ಅದು ಎರಡು ಸಂಪರ್ಕ ಎಂಬುದನ್ನೂ ಮರೆಯಬಾರದು. ಈ ವರದಿಯಲ್ಲಿ ಕರ್ನಾಟಕವಿಡೀ ಒಂದೇ ಸೇವಾ ವಲಯವಾಗಿರುವುದರಿಂದ, ಬೆಂಗಳೂರನ್ನೂ ಒಳಗೊಂಡ ಆ ಅಂಕಿಯನ್ನು ಹಿಡಿದು ಮದ್ದೂರು ಅಥವಾ ಕೆ.ಆರ್. ಪೇಟೆಯ ಬಗ್ಗೆ ತೀರ್ಮಾನ ಹೇಳುವುದು ಸಲ್ಲದು.

ಇದೇ ರೀತಿ 2024ರ ಜುಲೈ ತಿಂಗಳ ಹಿಂದುಮುಂದಿನ ಅಂಕಿಗಳನ್ನು ಜೋಡಿಸಿ ನೋಡಿ. ಆಗ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ನಂತರದ ತಿಂಗಳುಗಳಲ್ಲಿ ಅವು ಚಂದಾದಾರರನ್ನು ಕಳೆದುಕೊಂಡರೆ ಬಿಎಸ್‌ಎನ್‌ಎಲ್ ಗಳಿಸಿಕೊಂಡಿತು. ಆದರೂ ಖಾಸಗಿ ಕಂಪನಿಗಳಿಗೆ ಪ್ರತಿ ಚಂದಾದಾರರಿಂದ ಬರುವ ಸರಾಸರಿ ವರಮಾನ ಏರಿತು, ಮತ್ತು ಆ ಏರಿಕೆ ಒಂದೇ ತ್ರೈಮಾಸಿಕದಲ್ಲಿ ಮುಗಿಯಲಿಲ್ಲ, ಏಕೆಂದರೆ ದೀರ್ಘಾವಧಿಯ ಪ್ಯಾಕ್ ಹಾಕಿಸಿಕೊಂಡಿದ್ದವರು ಅದು ಮುಗಿಯುವವರೆಗೆ ಹಳೆಯ ದರದಲ್ಲೇ ಉಳಿದಿದ್ದರು.

ಸಂಸ್ಥೆಗಳ ನೆಟ್‌ವರ್ಕಿಂಗ್ ಮಾರುಕಟ್ಟೆಗೆ ಇಂಥ ಸರ್ಕಾರಿ ಕೋಷ್ಟಕಗಳಿಲ್ಲ. ಅಲ್ಲಿ ಟೆಂಡರ್ ದಾಖಲೆಗಳೇ ಪಠ್ಯಪುಸ್ತಕ. ಕರ್ನಾಟಕ ಸರ್ಕಾರದ ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ ವಿಶ್ವವಿದ್ಯಾಲಯ ಅಥವಾ ಆಸ್ಪತ್ರೆಯೊಂದರ ವೈ-ಫೈ ಟೆಂಡರ್ ಆರಿಸಿಕೊಂಡು ಸಾಲು ಸಾಲಾಗಿ ಓದಿ. ಉದಾಹರಣೆಗೆ, ಕಾಲೇಜೊಂದು ಹಳೆಯ ಆಕ್ಸೆಸ್ ಪಾಯಿಂಟ್ (ವೈ-ಫೈ ಸಂಕೇತ ಹರಡುವ ಪೆಟ್ಟಿಗೆ) ತೆಗೆದು ಹೊಸ ಪೀಳಿಗೆಯದನ್ನು ಹಾಕಲು ಹೊರಟಿದೆ ಎನ್ನೋಣ. ಇದಕ್ಕೆ ವಿದ್ಯುತ್ ಬರುವುದೂ ಸ್ವಿಚ್‌ನಿಂದ, ನೆಟ್‌ವರ್ಕ್ ಕೇಬಲ್ ಮೂಲಕವೇ. ಹಳೆಯ ಸ್ವಿಚ್ ಒಂದು ಪೋರ್ಟ್‌ಗೆ 15.4 ವ್ಯಾಟ್ ಮಾತ್ರ ಕೊಡಬಲ್ಲದಾದರೆ, 30 ವ್ಯಾಟ್ ಮಟ್ಟದ ವಿದ್ಯುತ್ ಬೇಡುವ ಹೊಸ ಉಪಕರಣ ಅದರಲ್ಲಿ ಪೂರ್ಣ ಸಾಮರ್ಥ್ಯದಿಂದ ನಡೆಯದು; ಹಾಗಾಗಿ ಸ್ವಿಚ್‌ಗಳೂ ಬದಲಾಗಬೇಕು. ಗೋಡೆಯೊಳಗಿನ ಕ್ಯಾಟ್ 5ಇ ಕೇಬಲ್ ಮಾತ್ರ ಉಳಿಯಬಹುದು, ಏಕೆಂದರೆ 2016ರಲ್ಲಿ ಬಂದ ಮಾನದಂಡವೊಂದು ಅದರ ಮೇಲೆಯೇ 2.5 ಗಿಗಾಬಿಟ್ ವೇಗಕ್ಕೆ ಅವಕಾಶ ಕೊಟ್ಟಿದೆ. ಇದರ ಮೇಲೆ ಐದು ವರ್ಷದ ತಂತ್ರಾಂಶ ಪರವಾನಗಿ, ವಾರ್ಷಿಕ ನಿರ್ವಹಣೆಯ ಖರ್ಚು. ಒಂದು ಖರೀದಿ ಇನ್ನೊಂದನ್ನು ಎಳೆದು ತರುವ ಈ ಸರಪಳಿ ಅರ್ಥವಾಗದೆ ಮಾಡಿದ ಮುನ್ನಂದಾಜು ಬರೀ ಗೆರೆ ಎಳೆದಂತೆ.

ಕಂಪನಿಗಳ ವಾರ್ಷಿಕ ವರದಿ ಓದುವಾಗ ತಯಾರಕರು ಮಾರಿದ್ದು ಬೇರೆ, ಗ್ರಾಹಕರು ಬಳಕೆಗೆ ತಂದದ್ದು ಬೇರೆ ಎಂಬ ಎಚ್ಚರವಿರಬೇಕು. ಚಿಪ್ ಕೊರತೆಯ ಕಾಲದಲ್ಲಿ ಆರ್ಡರ್ ಹಾಕಿ ತಿಂಗಳುಗಟ್ಟಲೆ ಕಾದಿದ್ದ ಗ್ರಾಹಕರಿಗೆ ಸರಕೆಲ್ಲ ಒಟ್ಟಿಗೆ ತಲುಪಿತು. 2023ರ ನವೆಂಬರ್‌ನಲ್ಲಿ ನೆಟ್‌ವರ್ಕ್ ಉಪಕರಣ ತಯಾರಕ ಸಿಸ್ಕೋ ಹೊಸ ಆರ್ಡರ್‌ಗಳ ಕುಸಿತಕ್ಕೆ ಕೊಟ್ಟ ಕಾರಣವೂ ಗ್ರಾಹಕರು ಬಂದಿರುವ ಸರಕನ್ನು ಅಳವಡಿಸುವುದರಲ್ಲೇ ತೊಡಗಿದ್ದಾರೆ ಎಂಬುದಾಗಿತ್ತು. ಹಿಂದಿನ ವರ್ಷದ ವರಮಾನವನ್ನಷ್ಟೇ ನೋಡಿದವರಿಗೆ ಇದು ಕಾಣುತ್ತಿರಲಿಲ್ಲ. ಸಿಸ್ಕೋದ ಹಣಕಾಸು ವರ್ಷ ಜುಲೈನಲ್ಲಿ, ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಕಂಪನಿಯದ್ದು ಅಕ್ಟೋಬರ್‌ನಲ್ಲಿ, ನಮ್ಮ ಕಂಪನಿಗಳದ್ದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಮುಗಿಯುವುದರಿಂದ, ಹೋಲಿಕೆಗೆ ಮೊದಲು ತ್ರೈಮಾಸಿಕಗಳನ್ನು ಸರಿಹೊಂದಿಸಿಕೊಳ್ಳಿ. 2025ರಲ್ಲಿ ಎಚ್‌ಪಿಇ ಇನ್ನೊಂದು ನೆಟ್‌ವರ್ಕಿಂಗ್ ಕಂಪನಿಯಾದ ಜೂನಿಪರ್ ಅನ್ನು ಕೊಂಡಂತಹ ಸಂದರ್ಭದಲ್ಲಿ ಎರಡೂ ಕಂಪನಿಗಳ ಹಿಂದಿನ ಅಂಕಿಗಳನ್ನು ಕೂಡಿಸದಿದ್ದರೆ ಇಲ್ಲದ ಬೆಳವಣಿಗೆ ಕಾಣಿಸಿಕೊಳ್ಳುತ್ತದೆ.

ಕಾಗದದಲ್ಲಿ ಸಿಗದದ್ದನ್ನು ಜನರಿಂದ ಕೇಳಿ ತಿಳಿಯಬೇಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಅಥವಾ ನಂಜನಗೂಡಿನ ಕಾರ್ಖಾನೆಗಳ ಐಟಿ ವ್ಯವಸ್ಥಾಪಕರು, ಅವರಿಗೆ ಉಪಕರಣ ಪೂರೈಸುವ ಸ್ಥಳೀಯ ವ್ಯಾಪಾರಿಗಳು ಸಮಯ ಕೊಟ್ಟರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. "ಬೇಡಿಕೆ ಹೇಗಿದೆ ಸರ್?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವಷ್ಟೇ ಬರುತ್ತದೆ. ಕಡೆಯ ಬಾರಿ ಯಾವ ಮಾದರಿ ಕೊಂಡಿರಿ, ಪಟ್ಟಿಯಲ್ಲಿದ್ದ ಇನ್ನೊಂದನ್ನು ಏಕೆ ಬಿಟ್ಟಿರಿ, ಪರವಾನಗಿ ನವೀಕರಿಸಿದಿರಾ ಎಂದು ಕೇಳಿ. ಹೇಳಿದವರ ಹೆಸರು, ಬೆಲೆ ಎಲ್ಲೂ ಹೊರಬೀಳಬಾರದು. ಒಮ್ಮೆ ನಂಬಿಕೆ ಕೆಟ್ಟರೆ ಈ ಸಣ್ಣ ವಲಯದಲ್ಲಿ ಎರಡನೆಯ ಬಾಗಿಲು ತೆರೆಯುವುದಿಲ್ಲ.

ಪ್ರಮಾಣಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಸ್ಕೋ ಕೊಡುವ ನೆಟ್‌ವರ್ಕಿಂಗ್ ಪ್ರಮಾಣಪತ್ರವಾದ ಸಿಸಿಎನ್‌ಎ ಮಟ್ಟದ ತಿಳಿವಳಿಕೆ ಸಾಕು.

ಅರ್ಜಿ ಹಾಕುವ ಮುನ್ನ ಎರಡು ಪುಟದ ಮಾದರಿ ವರದಿಯೊಂದನ್ನು ಸಿದ್ಧಪಡಿಸಿ. ವಿಷಯ ಕಿರಿದಾಗಿರಲಿ, ಮುನ್ನಂದಾಜು ಸ್ಪಷ್ಟವಾಗಿರಲಿ, ಯಾವ ಊಹೆ ಸುಳ್ಳಾದರೆ ಅದೂ ಸುಳ್ಳಾಗುತ್ತದೆ ಎಂಬುದನ್ನು ನೀವೇ ಬರೆಯಿರಿ. ಜೊತೆಗೆ ಎಕ್ಸೆಲ್ ಕಡತವನ್ನೂ ಲಗತ್ತಿಸಿ. ಸಂದರ್ಶನದಲ್ಲಿ ಆ ಕಡತವನ್ನೇ ತೆರೆದು ಪ್ರಶ್ನೆ ಕೇಳುವ ಸಾಧ್ಯತೆ ಇರುವುದರಿಂದ, ಪ್ರತಿ ಅಂಕಿಯ ಮೂಲವೂ ಅದನ್ನು ತೆಗೆದುಕೊಂಡ ದಿನಾಂಕವೂ ಪಕ್ಕದ ಅಂಕಣದಲ್ಲೇ ಇರಬೇಕು.